ಒಂದು ಹೆಣ, ಒಂದು ಮುತ್ತು, ಒಂದು ಬಿ.ಎ.

ನಮ್ಮ ಮನೆತನದ ಯಾವ ಹೆಸರಿನ ಮುಂದೆಯೂ ಡಿಗ್ರಿ ಬೀಳುವುದು ಸಾಧ್ಯವಿಲ್ಲ ಎಂದವರು ಗದಗಿನ ಪ್ರೆಸ್ಸಿನ ಮಾಲೀಕ ಚನ್ನಬಸಪ್ಪನವರು. ಕೆಟ್ಟ ಮನುಷ್ಯರೇನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆಂದು ನಂಬಿದ್ದವರು. ನಮ್ಮಪ್ಪ ಈರಪ್ಪ ಅವರ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಮಾಡುವ ಕೆಲಸ. ಮದುವೆಯ ದಿನಗಳಲ್ಲಿ ಬರೀ ಲಗ್ನಪತ್ರಿಕೆ. ವರನ ಹೆಸರು, ಕಂಸದೊಳಗೆ ಬಿ.ಕಾಂ. ವಧುವಿನ ಹೆಸರು, ಕಂಸದೊಳಗೆ ಬಿ.ಎ. ಪತ್ರಿಕೆ ಕೈಗೆ ಬಂದವರು ಮೊದಲು ನೋಡುತ್ತಿದ್ದದ್ದು ಗಣಪತಿಯ ಚಿತ್ರವನ್ನಲ್ಲ, ಆ ಕಂಸವನ್ನು.

“ಈರಪ್ಪಾ, ಮಂದಿ ಹೆಸರಿನ ಮುಂದ ಬಿ.ಎ. ಹಚ್ಚಿ ಹಚ್ಚಿ ನಿನ್ನ ಬೆರಳು ಸವೀಬೇಕು ಅಷ್ಟ. ನಿನ್ನ ಮನಿ ಹೆಸರಿನ ಮುಂದ ಅದು ಬೀಳೂದಲ್ಲ ಬಿಡು” ಎಂದು ಅವರು ಚಹಾ ಕುಡಿಯುತ್ತ ಹೇಳಿದಾಗ ನಾನು ಅಲ್ಲೇ ನೆಲದ ಮೇಲೆ ಕೂತು ಪತ್ರಿಕೆ ಮಡಚುತ್ತಿದ್ದೆ. ಅಪ್ಪ ಓದಿದ್ದು ಮೂರನೆಯ ಇಯತ್ತೆ. ಅವ್ವನಿಗೆ ಅಕ್ಷರವೇ ಬಾರದು. ಆದರೆ ಅಪ್ಪ ಮನೆಗೆ ತರುತ್ತಿದ್ದ ಕೆಟ್ಟ ಪ್ರೂಫುಗಳನ್ನು ನೋಡಿ ನೋಡಿ ಅವಳಿಗೆ ಕಂಸದ ಗುರುತಾಗಿತ್ತು. ‘ಕುಡಗೋಲು’ ಅನ್ನುತ್ತಿದ್ದಳು. “ಈ ಹುಡುಗಿ ಹೆಸರಿಗೆ ಎರಡ ಕುಡಗೋಲ ಅದಾವ, ಶಾಣ್ಯಾಕಿ ಇರಬೇಕು.”

ನಾನು ಬಿ.ಎ. ಮಾಡಿದೆ. ಇಂಗ್ಲಿಷ್ ಪೇಪರಿನಲ್ಲಿ ಒಂದು ಸಲ ಬಿದ್ದು, ಎದ್ದು, ಸೆಕೆಂಡ್ ಕ್ಲಾಸಿನಲ್ಲಿ. ಇದನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ. ಫಲಿತಾಂಶದ ದಿನ ಅಪ್ಪ ಪ್ರೆಸ್ಸಿನ ಮೊಳೆಗಳಿಂದ ಎರಡು ಕಂಸ, ಒಂದು ಬಿ, ಒಂದು ಎ, ಎರಡು ಚುಕ್ಕೆ ಎತ್ತಿಕೊಂಡು, ನೂಲಿನಿಂದ ಬಿಗಿಯಾಗಿ ಕಟ್ಟಿ ಅವ್ವನ ಕೈಗೆ ಕೊಟ್ಟ. “ಇದು ನೀಲವ್ವನ ಲಗ್ನಪತ್ರಿಕಿಗೆ. ಬ್ಯಾರೆ ಯಾರ ಹೆಸರಿಗೂ ಹಚ್ಚೂದಲ್ಲ” ಅಂದ. ಮೊಳೆ ಪ್ರೆಸ್ಸಿನ ಆಸ್ತಿ. ಅಪ್ಪ ಕೇಳಿ ತಂದಿರಲಿಲ್ಲ. ಹಾಗೆ ನೋಡಿದರೆ ನನ್ನ ಬದುಕಿನ ಮೊದಲ ಅಪರಾಧ ಪ್ರಕರಣ ಅದೇ.

ಪತ್ರಿಕೆ ಮಾತ್ರ ಅಚ್ಚಾಗಲಿಲ್ಲ. ನಾನು ಮದುವೆಯಾಗಲಿಲ್ಲ. ನೋಡಲು ಬಂದ ಗಂಡುಗಳಲ್ಲಿ ದೋಷವಿರಲಿಲ್ಲ. ಅವರು ಗಂಡುಗಳಾಗಿದ್ದರು, ಅಷ್ಟೆ. ಅಪ್ಪ ಕಾಯುತ್ತಲೇ ತೀರಿಕೊಂಡ. ನಾನು ಮೂವತ್ತೊಂದನೆಯ ವಯಸ್ಸಿಗೆ ಗ್ರಂಥಾಲಯ ಶಾಸ್ತ್ರ ಓದಲು ಟೆಕ್ಸಸ್‌ಗೆ ಬಂದೆ.

ಇಷ್ಟನ್ನು ಮೊದಲೇ ಹೇಳಿಕೊಂಡದ್ದಕ್ಕೆ ಕಾರಣವಿದೆ. ಹಸ್ತಪ್ರತಿ ತಿದ್ದುವ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನಿಮ್ಮ ಅನುಭವ ಬರೆಯಿರಿ ಎಂದು ಕೇಳಿದರು. ಅನುಭವ ಎಂದರೆ ಅವರಿಗೆ ಬಹುಮಾನ, ಬಡ್ತಿ. ಬಡ್ತಿಯ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ನನ್ನ ಹುದ್ದೆಯ ಹೆಸರು ಮೂರು ಸಲ ಬದಲಾಯಿತು, ಕುರ್ಚಿ ಬದಲಾಗಲಿಲ್ಲ. ಉಳಿದದ್ದು ಕೆಲಸ.

ಆಸ್ಟಿನ್ನಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಪ್ರಕಾಶನವಿತ್ತು. ಸರಕು ಒಂದೇ ಬಗೆಯದು: ಹೆಣ್ಣು ಹೆಣ್ಣನ್ನು ಪ್ರೀತಿಸುವ, ನಡುವೆ ಒಂದು ಕೊಲೆಯಾಗುವ ಕಾದಂಬರಿಗಳು. ಒಡತಿ ರೂತ್ ಹಿಂದೆ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದವರು. ಅವರ ನಿಯಮವೂ ಲೆಕ್ಕದ್ದೇ. “ಮೂವತ್ತನೆಯ ಪುಟದೊಳಗೆ ಒಂದು ಹೆಣ. ಅರವತ್ತನೆಯ ಪುಟದೊಳಗೆ ಒಂದು ಮುತ್ತು. ಅದಲುಬದಲಾದರೂ ಪರವಾಗಿಲ್ಲ. ಎರಡೂ ಒಬ್ಬಳದೇ ಆಗಬಾರದು.”

ಕೆಲವು ವರ್ಷ ಲೈಬ್ರರಿಗಳಲ್ಲಿ ದುಡಿದ ಮೇಲೆ ಅಲ್ಲಿಗೆ ಕೆಲಸ ಕೇಳಿಕೊಂಡು ಹೋದ ದಿನ ಅವರು ನನಗೊಂದು ಹಸ್ತಪ್ರತಿ ಕೊಟ್ಟು ತಪ್ಪು ಹುಡುಕು ಅಂದರು. ಮೂರನೆಯ ದಿನ ವಾಪಸ್ ಕೊಟ್ಟೆ. ನಾಯಕಿ ಹ್ಯೂಸ್ಟನ್‌ನಿಂದ ಡಾಲಸ್‌ಗೆ ನಾಲ್ಕು ಗಂಟೆಯ ದಾರಿಯನ್ನು ಎರಡು ಗಂಟೆಯಲ್ಲಿ ತಲುಪುತ್ತಾಳೆ, ಅದೂ ಶುಕ್ರವಾರ ಸಂಜೆ. ಇಲ್ಲಿಯ ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ ಅವಳ ಕಾರಿನ ಹಿಂದಿನ ಸೀಟಿನಲ್ಲಿದ್ದ ಐಸ್‌ಕ್ರೀಂ ಕರಗುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ ಎಡಗೈ ಮುರಿದುಕೊಂಡವಳು ಒಂಬತ್ತನೆಯದರಲ್ಲಿ ಅದೇ ಕೈಯಿಂದ ಗೆಳತಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾಳೆ.

ರೂತ್ ಪಟ್ಟಿ ಓದಿ ಕನ್ನಡಕ ತೆಗೆದರು. “ಇದರಲ್ಲಿ ಇಬ್ಬರು ಹೆಂಗಸರು ಹದಿನೇಳು ಸಲ ಅಪ್ಪಿಕೊಂಡಿದ್ದಾರೆ. ಅದರ ಬಗ್ಗೆ ನೀನು ಏನೂ ಬರೆದಿಲ್ಲವಲ್ಲ?”

“ಅದರಲ್ಲಿ ತಪ್ಪೇನೂ ಸಿಗಲಿಲ್ಲ” ಎಂದೆ.

“ಸೋಮವಾರದಿಂದ ಬಾ” ಅಂದರು.

ನನ್ನ ಓದುವ ಕ್ರಮ ಅಪ್ಪನದು. ಮೊಳೆಯ ಸಾಲಿನಲ್ಲಿ ಅಕ್ಷರಗಳು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತವೆ. ಹಾಗೆ ಓದುವಾಗ ಅರ್ಥ ಕಣ್ಣಿಗೆ ಅಡ್ಡ ಬರುವುದಿಲ್ಲ, ತಪ್ಪು ಮಾತ್ರ ಕಾಣುತ್ತದೆ. ನಾನು ಕಾದಂಬರಿಯನ್ನು ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಓದುತ್ತಿದ್ದೆ. ಕೊಲೆಗಾರ್ತಿ ಸಿಕ್ಕಿಬಿದ್ದ ಮೇಲೆ ಅವಳ ಸುಳ್ಳುಗಳು ಒಂದೊಂದಾಗಿ ಎದುರು ಬರುತ್ತಿದ್ದವು. ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಮೂರು ಗೆರೆ ಎಳೆಯುತ್ತಿದ್ದೆ. ಯಾರು ಎಲ್ಲಿದ್ದಾರೆ ಎಂಬುದಕ್ಕೆ ಕೆಂಪು. ಯಾರಿಗೆ ಏನು ಗೊತ್ತು ಎಂಬುದಕ್ಕೆ ನೀಲಿ. ಯಾವ ವಸ್ತು ಯಾರ ಹತ್ತಿರ ಇದೆ ಎಂಬುದಕ್ಕೆ ಹಸಿರು: ಕೀಲಿಕೈ, ಪಿಸ್ತೂಲು, ಉಂಗುರ. ಹೊಸಬರಿಗೆ ಹೇಳುವುದಿಷ್ಟು, ಕೆಂಪು ಗೆರೆ ಯಾರಾದರೂ ಎಳೆಯಬಹುದು. ಕಥೆ ತೂತು ಬೀಳುವುದು ನೀಲಿಯಲ್ಲಿ ಮತ್ತು ಹಸಿರಿನಲ್ಲಿ.

ಆಮೇಲೆ ಕಂಪ್ಯೂಟರ್ ಬಂತು, ಗೋಡೆಯ ಕಾಗದ ಹೋಯಿತು. ಕೊನೆಗೆ ತಾನೇ ತಪ್ಪು ಹುಡುಕುವ ಸಾಫ್ಟ್‌ವೇರ್ ಬಂತು. ಅದು ಮೊದಲ ವಾರವೇ ‘ಅವಳ ಹೃದಯ ಕದ್ದಳು’ ಎಂಬ ವಾಕ್ಯದ ಪಕ್ಕ, ಈ ಕಳ್ಳತನದ ತನಿಖೆ ಮುಂದೆ ಎಲ್ಲಿಯೂ ಬಂದಿಲ್ಲ ಎಂದು ಗುರುತು ಹಾಕಿತು. ನಾವೆಲ್ಲ ನಕ್ಕೆವು. ರೂತ್ ನಗಲಿಲ್ಲ. “ತಪ್ಪೇನು ಹೇಳಿದೆ ಅದು? ಬಂದಿಲ್ಲವಲ್ಲ” ಅಂದರು.

ಇನ್ನು ನನ್ನ ದೊಡ್ಡ ಪ್ರಮಾದ. ಒಂದು ಕಾದಂಬರಿಯಲ್ಲಿ ಪೊಲೀಸಿನವಳು ರಕ್ತದಲ್ಲಿ ನೆಂದ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಮಾಡುತ್ತಾಳೆ. ನಾನು ಬಿಟ್ಟುಬಿಟ್ಟೆ. ಪುಸ್ತಕ ಹೊರಬಂದ ತಿಂಗಳಿಗೆ ಹ್ಯೂಸ್ಟನ್‌ನಿಂದ ಒಂದು ಕಾಗದ ಬಂತು. ಬರೆದವಳು ಎಲೆನಾ. ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನು ಚೀಟಿ ಅಂಟಿಸಿ ಜೋಪಾನವಾಗಿಡುವ ಉಗ್ರಾಣದಲ್ಲಿ ಅವಳ ಕೆಲಸ. ‘ನೂರಾ ಹನ್ನೆರಡನೆಯ ಪುಟ ನೋಡಿ. ನನ್ನ ಉಗ್ರಾಣದಲ್ಲಿ ಹೀಗೆ ಮಾಡಿದ್ದರೆ ಅಂಗಿ ಬೂಸಲು ಹಿಡಿದು ಕೊಲೆಗಾರ ಮನೆಗೆ ಹೋಗುತ್ತಿದ್ದ. ಮೊದಲು ಒಣಗಿಸಬೇಕು, ಆಮೇಲೆ ಕಾಗದದ ಚೀಲ. ಪ್ರೇಮದ ಭಾಗ ಪರವಾಗಿಲ್ಲ.’

“ಹ್ಯೂಸ್ಟನ್‌ಗೆ ಹೋಗು” ಅಂದರು ರೂತ್. “ಕ್ಷಮೆ ಕೇಳು. ಇನ್ನೇನೇನು ತಪ್ಪಿದೆ ಕೇಳಿಕೊಂಡು ಬಾ.”

ಹೋದೆ. ಎಲೆನಾ ಊಟದ ಹೋಟೆಲಿಗೆ ಆ ಪುಸ್ತಕ ತಂದಿದ್ದಳು. ಅದರ ತುಂಬ ಹಳದಿ ಚೀಟಿಗಳು ಮುಳ್ಳುಹಂದಿಯ ಹಾಗೆ ಎದ್ದು ನಿಂತಿದ್ದವು. ಒಂದೊಂದನ್ನೂ ತೋರಿಸಿ ಬೈದಳು. ನನ್ನ ಕೆಲಸದಲ್ಲಿ ಯಾರಾದರೂ ತಪ್ಪು ತೋರಿಸಿದರೆ ನನಗೆ ಮೈ ಉರಿಯುತ್ತದೆ. ಆವತ್ತು ಉರಿಯಲಿಲ್ಲ. ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದು ಮೊದಲ ಸುಳಿವು. ರೂತ್ ನಿಯಮದ ಪ್ರಕಾರ ಅರವತ್ತು ಪುಟದೊಳಗೆ ಮುತ್ತು ಬರಬೇಕು. ನಮಗೆ ಎರಡು ವರ್ಷ ಹಿಡಿಯಿತು. ಬರಹದಲ್ಲಿ ಕೊಟ್ಟಿದ್ದರೆ ‘ಗತಿ ನಿಧಾನ’ ಎಂದು ಅವರು ಹಿಂದಕ್ಕೆ ಕಳಿಸುತ್ತಿದ್ದರು.

ಎಲೆನಾ ಕೆಲಸ ಬಿಟ್ಟ ಮೇಲೆ ಆಸ್ಟಿನ್ನಿಗೆ ಬಂದು ನನ್ನ ಜತೆ ಇದ್ದಳು. ಅವ್ವನಿಗೆ ನಾನು ಫೋನಿನಲ್ಲಿ ಹೇಳಿದ್ದು: ರೂಮ್‌ಮೇಟ್. ಅವ್ವ ಊರವರಿಗೆ ಹೇಳಿದ್ದು: ಜೋಡಿಗಿ ಒಬ್ಬಾಕಿ ಅದಾಳ. ಇಲ್ಲಿಯ ಕನ್ನಡದವರಿಗೂ ಅದೇ ಉತ್ತರ. ಹ್ಯೂಸ್ಟನ್ ಪಕ್ಕದ ಊರು ದ ವುಡ್‌ಲ್ಯಾಂಡ್ಸ್‌ನಲ್ಲಿ ಒಂದು ಯುಗಾದಿ ಊಟಕ್ಕೆ ಇಬ್ಬರೂ ಹೋಗಿದ್ದೆವು. ಮನೆಯ ಯಜಮಾನಿ ಹೋಳಿಗೆ ಬಡಿಸುತ್ತ, “ರೂಮ್‌ಮೇಟಾ? ಅಯ್ಯೋ, ನಮ್ ಮಕ್ಳು ಎಂ.ಎಸ್. ಮುಗಿಸಿದ ತಕ್ಷಣ ರೂಮ್‌ಮೇಟ್ ಬಿಟ್ಬಿಟ್ರು. ನೀವಿನ್ನೂ ಇಟ್ಕೊಂಡಿದ್ದೀರಾ?” ಅಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಕಾರಿನಲ್ಲಿ ಎಲೆನಾ ಕೇಳಿದಳು. “ಅವರು ಯಾಕೆ ನಕ್ಕರು?”

ಹೇಳಿದೆ. ಕಾರು ಹೆದ್ದಾರಿ ಸೇರಿತು. ಆಮೇಲೆ ಅಂದಳು, “ಇಪ್ಪತ್ತೆಂಟು ವರ್ಷ ಬೇರೆಯವರ ಗುಟ್ಟುಗಳನ್ನು ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ ಇಟ್ಟವಳು ನಾನು. ಈಗ ನನಗೇ ಚೀಟಿ ಅಂಟಿಸಿದ್ದೀ. ಅದೂ ತಪ್ಪು ಚೀಟಿ.”

ಹೆಣ್ಣು ಹೆಣ್ಣು ಮದುವೆಯಾಗಬಹುದು ಎಂದು ಕಾನೂನು ಬಂದ ವಾರ ಅವಳೇ ಕೇಳಿದಳು. ಒಂದು ಷರತ್ತಿತ್ತು. ನನ್ನ ಅವ್ವನಿಗೆ ಗೊತ್ತಿರಬೇಕು. “ಗೊತ್ತಿಲ್ಲದೆ ಆದರೆ ಅದು ಮದುವೆಯಲ್ಲ, ಇನ್ನೊಂದು ಗುಟ್ಟು.” ನಾನು ಮುಂದಿನ ಸಲ ಊರಿಗೆ ಹೋದಾಗ ಹೇಳುತ್ತೇನೆ ಎಂದೆ. ಹೋದೆ. ಬಂದೆ. ಮತ್ತೆ ಹೋದೆ. ಪ್ರತಿ ಸಲ ಏನೋ ಒಂದು ಅಡ್ಡ: ಒಮ್ಮೆ ಅವ್ವನ ಕಣ್ಣಿನ ಆಪರೇಷನ್, ಒಮ್ಮೆ ಶ್ರಾವಣ. ಶ್ರಾವಣದಲ್ಲಿ ಹೇಳಬಾರದು ಎಂದು ಯಾರು ಹೇಳಿದ್ದರೋ ನನಗೆ ಗೊತ್ತಿಲ್ಲ.

ಆಮೇಲೆ ಎಲೆನಾಳ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಫಾರಂನಲ್ಲಿ ‘ರೋಗಿಯೊಂದಿಗೆ ನಿಮ್ಮ ಸಂಬಂಧ’ ಎಂಬ ಕಡೆ ನಾನು ‘ಸ್ನೇಹಿತೆ’ ಎಂದು ಬರೆದೆ. ಸ್ಟ್ರೆಚರಿನ ಮೇಲೆ ಮಲಗಿದ್ದವಳು ಅದನ್ನು ನೋಡಿದಳು. ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಸಿಟ್ಟಿಲ್ಲದೆ ಹೇಳಿದಳು, “ನೀನು ನಿವೃತ್ತಳಾಗುವ ದಿನದವರೆಗೆ ಕಾಯುತ್ತೇನೆ. ಅಷ್ಟರೊಳಗೆ ಹೇಳದಿದ್ದರೆ ನಾನು ಹ್ಯೂಸ್ಟನ್‌ಗೆ, ನನ್ನ ತಂಗಿಯ ಮನೆಗೆ ಹೋಗುತ್ತೇನೆ. ಜಗಳವಿಲ್ಲ. ನನಗೂ ವಯಸ್ಸಾಯಿತು.”

ನಿವೃತ್ತಿಗೆ ಹತ್ತು ತಿಂಗಳಿತ್ತು. ಪ್ರತಿ ಕಾದಂಬರಿಯಲ್ಲೂ ಗಡುವು ಬಿಗಿಯಾಗಿರಬೇಕು ಎಂದು ಹೊಸ ಲೇಖಕಿಯರಿಗೆ ಪಾಠ ಹೇಳುತ್ತಿದ್ದವಳು ನಾನು.

ಐದು ತಿಂಗಳು ಹಾಗೇ ಹೋಯಿತು. ಆಗ ನನ್ನ ಮೇಜಿಗೆ ಬಂದ ಕೊನೆಯ ಹಸ್ತಪ್ರತಿ ಸಿಂಧುವಿನದು. ಮೈಸೂರಿನ ಹುಡುಗಿ, ಡಾಲಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಯೂಲೆಸ್‌ನಲ್ಲಿ ಅಪಾರ್ಟ್‌ಮೆಂಟ್. ತಲೆಯ ಮೇಲೆ ವಿಮಾನ ಹಾರಿದಾಗಲೆಲ್ಲ ಫೋನಿನಲ್ಲಿ ಮಾತು ನಿಲ್ಲಿಸುತ್ತಿದ್ದಳು. ಅವಳು ಬರೆದದ್ದು ಇಂಗ್ಲಿಷಿನಲ್ಲಿ, ಕಥೆ ನಮ್ಮವರದು. ಅಲ್ಲೇ ಹತ್ತಿರದ, ಹಣವಂತರ ಊರು ಸೌತ್‌ಲೇಕ್‌ನ ಒಂದು ದೊಡ್ಡ ಮನೆಯ ಈಜುಕೊಳದಲ್ಲಿ ಭಾನುವಾರ ಮಧ್ಯಾಹ್ನ ಯಜಮಾನನ ಹೆಣ ತೇಲುತ್ತದೆ. ಸಂಶಯ ಅಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುವ ಟೀಚರ ಮೇಲೆ. ಆ ಹೊತ್ತಿನಲ್ಲಿ ಟೀಚರ್ ಇದ್ದದ್ದು ತನ್ನ ಗೆಳತಿಯ ತೋಳಿನಲ್ಲಿ. ಗೆಳತಿ ಪೊಲೀಸ್ ಅಧಿಕಾರಿ. ಒಂದು ಮಾತು ಹೇಳಿದರೆ ಬಿಡುಗಡೆ. ಹೇಳಿದರೆ ಊರಿನಲ್ಲಿರುವ ತಾಯಿಗೆ ಗೊತ್ತಾಗುತ್ತದೆ. ಟೀಚರ್ ತಾನೂ ಬಾಯಿ ಬಿಡದೆ, ಗೆಳತಿಯೂ ಬಿಡದಂತೆ ಆಣೆ ಹಾಕಿಸಿಕೊಂಡು ಜೈಲಿಗೆ ಹೋಗುತ್ತಾಳೆ.

ನಾನು ಅಂಚಿನಲ್ಲಿ ಬರೆದೆ: ‘ಇದು ದೊಡ್ಡ ತೂತು. ಜೈಲಿಗಿಂತ ದೊಡ್ಡದೇನು ಮಾಡುತ್ತಾಳೆ ಆ ತಾಯಿ? ಓದುಗರು ನಂಬುವುದಿಲ್ಲ. ಕಾರಣ ಕೊಡಿ.’

ಸಿಂಧು ಫೋನ್ ಮಾಡಿದಳು. ಅವಳು ಒಂದೆರಡು ಸಲ ಮನೆಗೆ ಬಂದು ಎಲೆನಾ ಮಾಡಿದ ಊಟ ಮಾಡಿದ್ದವಳು.

“ಆಂಟಿ, ಬೈಕೋಬೇಡಿ. ಒಂದು ಕೇಳ್ಲಾ? ನಿಮ್ಮ ತಾಯಿಗೆ ಎಲೆನಾ ಆಂಟಿ ಯಾರು ಅಂತ ಗೊತ್ತಾ?”

“ರೂಮ್‌ಮೇಟ್.”

“ಎಷ್ಟ್ ವರ್ಷದಿಂದ?”

“ಇಪ್ಪತ್ತೊಂದು.”

ಒಂದು ವಿಮಾನ ಹೋಯಿತು. ಅವಳು ಕಾದಳು.

“ನಾನೂ ಓದುಗರಲ್ಲಿ ಒಬ್ಬಳೇ ಆಂಟಿ” ಅಂದಳು. “ಕಾರಣ ಕೊಡಿ.”

ಇಪ್ಪತ್ತಾರು ವರ್ಷದಲ್ಲಿ ಲೇಖಕಿಯೊಬ್ಬಳ ಮೇಲೆ ನಾನು ಫೋನ್ ಕುಕ್ಕಿದ್ದು ಅದೊಂದೇ ಸಲ. ಆ ಸಂಜೆಯೇ ಗದಗಿಗೆ ಫೋನ್ ಮಾಡಿ, “ಅವ್ವಾ, ಇಲ್ಲಿಗಿ ಬಂದು ನಾಕ ತಿಂಗಳ ಇರು. ನಾನ ಬಂದು ಕರಕೊಂಡ ಬರತೀನಿ” ಎಂದೆ. ಹೇಳಬೇಕಾದದ್ದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ.

ಅವ್ವನಿಗೆ ಎಂಬತ್ತೆರಡು. ವೀಸಾದ ಓಡಾಟದಲ್ಲಿ ಮತ್ತೆ ಮೂರು ತಿಂಗಳು ಹೋಯಿತು. ಅವಳು ವೀಲ್‌ಚೇರಿನಲ್ಲಿ ರಾಣಿಯ ಹಾಗೆ ಕೂತು ಡಾಲಸ್‌ನಲ್ಲಿ ಇಳಿದಳು. ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ. ಬೆಂಗಳೂರಿನಲ್ಲೂ ಇಲ್ಲೂ ಅದರೊಳಗೆ ಏನೋ ಲೋಹವಿದೆ ಎಂದು ತಡೆದರು. ಇಲ್ಲಿಯ ಅಧಿಕಾರಿ ಎಲೆ ಕಿತ್ತುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟ. ಸುಣ್ಣದ ಡಬ್ಬಿ ಇರಬೇಕು ಎಂದುಕೊಂಡೆ. ಯಾವ ವಸ್ತು ಯಾರ ಹತ್ತಿರ ಇದೆ ಎಂದು ಜೀವಮಾನವಿಡೀ ಹಸಿರು ಗೆರೆ ಎಳೆದವಳು ನಾನು. ಅವ್ವನ ಚಂಚಿಯಲ್ಲಿ ಏನಿದೆ ಎಂದು ಕೇಳಲಿಲ್ಲ.

ಮನೆಯಲ್ಲಿ ಎಲೆನಾ ಬಾಗಿಲಿಗೆ ಬಂದು, ಕಲಿತಿಟ್ಟುಕೊಂಡಿದ್ದ ಒಂದೇ ಮಾತನ್ನು ಹೇಳಿದಳು: “ಬರ್ರಿ ಅವ್ವಾರ.” ಅವ್ವ ಅವಳ ಹೆಸರು ಕೇಳಿದಳು. “ಎಲ್ಲವ್ವ” ಎಂದು ಖಾಯಂ ಮಾಡಿಬಿಟ್ಟಳು. ಒಂದು ವಾರದೊಳಗೆ ಇಬ್ಬರೂ ಸೇರಿ ಅವರೆಕಾಯಿ ಬಿಡಿಸುತ್ತ, ಅವ್ವ ಕನ್ನಡದಲ್ಲಿ, ಎಲೆನಾ ಇಂಗ್ಲಿಷಿನಲ್ಲಿ, ನನ್ನ ಮೇಲೆ ದೂರು ಹೇಳಿಕೊಳ್ಳುವಷ್ಟು ಬಳಕೆಯಾದರು.

ನಾನು ಹೇಳಲಿಲ್ಲ. ನಿವೃತ್ತಿಗೆ ಆರು ವಾರ, ಐದು ವಾರ, ನಾಲ್ಕು. ಎಲೆನಾ ಒಂದು ದಿನ ಅಟ್ಟದಿಂದ ತನ್ನ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಹಜಾರದಲ್ಲಿಟ್ಟಳು.

ಆ ಮಧ್ಯಾಹ್ನ ಊಟವಾದ ಮೇಲೆ ಅವ್ವ ಕೇಳಿದಳು, “ಅಲ್ಲ ನೀಲಿ, ದಿನಾ ಕುಂತು ಅದೇನ ತಿದ್ದತಿ? ನನಗೂ ಒಂದೀಟ ಓದಿ ಹೇಳು.”

ಸಿಂಧುವಿನ ಹಸ್ತಪ್ರತಿ ಎತ್ತಿಕೊಂಡೆ. ಕೊನೆಯಿಂದಲ್ಲ, ಮೊದಲಿನಿಂದ. ಒಂದೊಂದು ಪುಟವನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಎರಡನೆಯ ದಿನ ಪೊಲೀಸ್ ಅಧಿಕಾರಿಯೂ ಟೀಚರೂ ಅಪ್ಪಿಕೊಳ್ಳುವ ಜಾಗ ಬಂತು. ಹಾರಿಸಬಹುದಿತ್ತು. ಹಾರಿಸಲಿಲ್ಲ.

ಅವ್ವ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. “ಇಬ್ರೂ ಹೆಣಮಕ್ಕಳೇನ?”

“ಹೂಂ.”

“ಪ್ರೀತಿ ಮಾಡ್ತಾರೇನ, ಗಂಡ ಹೆಂಡ್ತಿ ಹಂಗ?”

“ಹೂಂ.”

ಅವಳು ಮತ್ತೆ ಅಗಿಯತೊಡಗಿದಳು. “ಇರಲಿ, ಮುಂದ ಓದು. ಆತನ್ನ ಕೊಂದವರ್‍ಯಾರು?”

ನಾಲ್ಕನೆಯ ದಿನ ಟೀಚರ್ ಜೈಲಿಗೆ ಹೋದಳು. ಅವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಹುಚ್ಚಿ ಅದಾಳೇನ ಆಕಿ? ಬಾಯಿ ಬಿಟ್ಟ ಹೇಳಾಕ ಏನ ಧಾಡಿ?”

“ಅವ್ವಗ ಗೊತ್ತಾಗತೈತಿ ಅಂತ ಅಂಜಿಕಿ ಆಕಿಗೆ.”

“ಗೊತ್ತಾದ್ರ ಅವ್ವ ಏನ ಮಾಡ್ತಾಳ? ನಾಕ ದಿನಾ ಅಳತಾಳ. ಐದನೇ ದಿನಾ ಊಟ ಆತೇನ ಅಂತ ಕೇಳತಾಳ. ಅದಕ್ಕ ಯಾರರ ಜೈಲಿಗಿ ಹೋಗ್ತಾರೇನ? ಬರದಾಕಿಗೆ ಬುದ್ಧಿ ಇಲ್ಲ. ತಿದ್ದು ಅದನ್ನ.”

ಹಸ್ತಪ್ರತಿ ಮುಚ್ಚಿದೆ. ಎಲೆನಾ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದ್ದು ಕೇಳಿಸಿತು. ಅವಳಿಗೆ ಭಾಷೆ ಬಾರದು, ನನ್ನ ದನಿ ಬದಲಾದದ್ದು ತಿಳಿಯುತ್ತದೆ.

“ಅವ್ವಾ, ಎಲೆನಾ ನನ್ನ ರೂಮ್‌ಮೇಟ್ ಅಲ್ಲ” ಎಂದೆ.

ಅವ್ವ ನನ್ನನ್ನು ನೋಡಿದಳು. ಅಡುಗೆಮನೆಯ ಕಡೆ ನೋಡಿದಳು. ನನ್ನ ತೊಡೆಯ ಮೇಲಿದ್ದ ಹಾಳೆಗಳನ್ನು ನೋಡಿದಳು. ಅವಳಿಗೆ ತಿಳಿಯಿತು. “ನಿಮ್ಮಪ್ಪ ನಿನ್ನ ಪತ್ರಿಕಿ ಹೊಡೀಬೇಕಂತ ಕಾಯಕೊಂತ ಕಾಯಕೊಂತ ಹ್ವಾದ” ಅಂದಳು. “ಆತಗರ ಹೇಳಬೇಕಿತ್ತು ನೀ.” ಎದ್ದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಇತರರ ತಾಯಂದಿರ ಬಗ್ಗೆ ಹೇಳುವುದು ಸುಲಭ. ಅವ್ವ ನಾಲ್ಕು ದಿನ ಅತ್ತಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ನಮಗೆ ಕೇಳಿಸದ ಹಾಗೆ, ಅಂದರೆ ಚೆನ್ನಾಗಿ ಕೇಳಿಸುವ ಹಾಗೆ. ತಟ್ಟೆ ಕೋಣೆಗೆ ಹೋಗುತ್ತಿತ್ತು, ಅರ್ಧ ಉಳಿದು ಬರುತ್ತಿತ್ತು. ಐದನೆಯ ದಿನ ನಾನು ಬೆಳಗಿನಿಂದ ಬಾಗಿಲು ನೋಡುತ್ತ ಕೂತೆ. ಅವಳು ಹೊರಗೆ ಬರಲಿಲ್ಲ. ಎಲೆನಾ ತನ್ನ ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬಿದಳು. “ನೀನು ಹೇಳಿದೆ. ನನಗೆ ಅಷ್ಟು ಸಾಕು. ಈ ವಯಸ್ಸಿನಲ್ಲಿ ಅವರನ್ನು ಅಳಿಸಿ ನಾನು ಇಲ್ಲಿರಲಾರೆ” ಅಂದಳು. ನಾನು ತಿದ್ದುವವಳು; ಆ ವಾಕ್ಯದಲ್ಲಿ ತಿದ್ದಲು ಏನೂ ಸಿಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಳು. ಹಜಾರದಲ್ಲಿ ಸೂಟ್‌ಕೇಸ್ ಕಾಲಿಗೆ ತಾಗಿತು.

“ಎಲ್ಲವ್ವ ಎಲ್ಲಿಗಿ ಹೊಂಟಾಳ?”

“ತಂಗಿ ಮನಿಗಿ.”

“ಯಾಕ?”

“ನಿನಗ ಸಂಕಟ ಆಗೈತಿ ಅಂತ.”

“ನನ್ನ ಸಂಕಟ ನಾ ನೋಡ್ಕೋತೀನಿ. ಆಕಿದು ಊಟ ಆತೇನ ಕೇಳು.” ಬೆಳಗಿನ ಎಂಟು ಗಂಟೆ. ಯಾರದೂ ಊಟದ ಹೊತ್ತಲ್ಲ. ಆದರೂ ಎಲೆನಾಳಿಗೆ ಅನುವಾದಿಸಿದೆ. ಅವಳು ಒಲೆಯ ಕಡೆ ತಿರುಗಿಕೊಂಡು ಬಹಳ ಹೊತ್ತು ಉರಿಯದ ಒಲೆಯನ್ನೇ ಸರಿಮಾಡಿದಳು.

ರೊಟ್ಟಿ ತಿನ್ನುತ್ತ ಅವ್ವ ವಿಚಾರಣೆ ಶುರು ಮಾಡಿದಳು. ನಾನು ಕಂಡ ಯಾವ ಪತ್ತೇದಾರಿಣಿಯೂ ಅಷ್ಟು ನೇರವಾಗಿ ಕೇಳಿದ್ದಿಲ್ಲ.

“ಆಕಿ ಏನ ಓದ್ಯಾಳ?”

“ಹೈಸ್ಕೂಲು.”

“ಡಿಗ್ರಿ ಇಲ್ಲೇನ?”

“ಇಲ್ಲ.”

ಅವ್ವ ನನ್ನ ಕಡೆ ಹೆಮ್ಮೆಯಿಂದ, ಎಲೆನಾಳ ಕಡೆ ಕರುಣೆಯಿಂದ ನೋಡಿದಳು. “ಇರಲಿ. ಒಬ್ರದರ ಐತೆಲ್ಲ. ಪತ್ರಿಕಿ ಹೊಡಸ್ತೀರೇನ?”

“ಇಲ್ಲ ಅವ್ವಾ. ಮೊದಲ ಲೈಸೆನ್ಸ್ ಅಂತ ಒಂದ ಹಾಳಿ ತಗೋಬೇಕು. ಮೂರ ದಿನಾ ಬಿಟ್ಟು ಜಡ್ಜ್ ಮುಂದ ಹೂಂ ಅನಬೇಕು. ಆಮ್ಯಾಲ ಕೌಂಟಿ ಆಫೀಸಿನವ್ರು ಸರ್ಟಿಫಿಕೇಟ ಕೊಡ್ತಾರ. ಅಷ್ಟ.”

“ಅದರಾಗ ಹೆಸರ ಇರತಾವೇನ, ಅಚ್ಚಿನ್ಯಾಗ?”

“ಇರತಾವ.”

“ಹಂಗಾರ ಸಾಕು” ಅಂದಳು.

ಸಿಂಧುವಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ನನ್ನ ಟಿಪ್ಪಣಿ ಹೊಡೆದುಹಾಕು, ಅದು ತೂತಲ್ಲ ಎಂದೆ. ಅವಳು ಹೊಡೆದುಹಾಕಲಿಲ್ಲ. ಅವ್ವ ಹೇಳಿದ್ದ ನಾಲ್ಕು ದಿನದ ಲೆಕ್ಕವನ್ನು ಕೇಳಿಕೊಂಡು, ಕಥೆಯ ತಾಯಿಯ ಬಾಯಿಗೆ ಹಾಕಿದಳು. “ಐದನೆಯ ದಿನವಲ್ಲ, ಆರನೆಯದು ಅಂತ ತಿದ್ದು” ಎಂದೆ. “ಬೇಡ ಆಂಟಿ, ಆರು ಅಂದ್ರೆ ಯಾರೂ ನಂಬಲ್ಲ” ಅಂದಳು. ಅವಳು ಈ ಕೆಲಸದಲ್ಲಿ ಮುಂದೆ ಬರುತ್ತಾಳೆ.

ನನ್ನ ಕೊನೆಯ ದಿನ ರೂತ್ ಒಂದು ಕೇಕ್ ತರಿಸಿ, ಭಾಷಣ ಮಾಡದೆ, ನನ್ನ ಹಳೆಯ ಮೂರು ಬಣ್ಣದ ಪೆನ್ನುಗಳನ್ನು ಕೈಗೆ ಕೊಟ್ಟರು. ಕೆಳಗೆ ಹಲ್ಲು ಕೊರೆಯುವ ಸದ್ದು ಎಂದಿನಂತೆ ಇತ್ತು. ಅದಾದ ಮರುವಾರ ಜಡ್ಜ್ ಎದುರು ಹೂಂ ಅಂದೆವು. ರೂತ್ ಸಾಕ್ಷಿಗೆ ಬಂದು, ಕೊನೆಯಲ್ಲಿ ಕೈಗಡಿಯಾರ ನೋಡಿಕೊಂಡು, “ಅರವತ್ತು ಪುಟ ಅಂದಿದ್ದೆ. ನೀನು ಅರವತ್ತೈದು ವರ್ಷ ತೆಗೆದುಕೊಂಡೆ” ಎಂದು ಗೊಣಗಿದರು.

ಹಾಳೆ ದಾಖಲಾದ ಮೇಲೆ ಸರ್ಟಿಫಿಕೇಟ್ ತರಲು ಕೌಂಟಿ ಆಫೀಸಿಗೆ ಹೋದದ್ದು ಮೂವರೂ. ಕಿಟಕಿಯ ಹಿಂದಿನ ಹುಡುಗಿ ಹೆಸರುಗಳನ್ನು ಓದಿ, ಮೊಹರು ಒತ್ತಿದ ದಪ್ಪ ಹಾಳೆಯನ್ನು ಗಾಜಿನ ಕೆಳಗಿಂದ ಈಚೆಗೆ ಜಾರಿಸಿದಳು. ನಾನು ಕೈ ಚಾಚುವ ಮೊದಲೇ ಅವ್ವ ಅದನ್ನು ಎತ್ತಿಕೊಂಡಳು. ತೋಳಿನಷ್ಟು ದೂರ ಹಿಡಿದು, ಅಪ್ಪ ತರುತ್ತಿದ್ದ ಪ್ರೂಫ್ ನೋಡುತ್ತಿದ್ದ ಹಾಗೆಯೇ ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು.

“ನಿನ್ನ ಹೆಸರ ಯಾವುದು?”

ತೋರಿಸಿದೆ. ಅವಳ ಬೆರಳು ಆ ಹೆಸರಿನ ಕೊನೆಯವರೆಗೆ ಹೋಗಿ, ಮುಂದಿನ ಖಾಲಿ ಜಾಗದಲ್ಲಿ ನಿಂತಿತು.

“ಕುಡಗೋಲ ಎಲ್ಲಿ ಅದಾವ?”

“ಇಲ್ಲಿ ಡಿಗ್ರಿ ಹಾಕೂದಿಲ್ಲ ಅವ್ವಾ.”

ಅವ್ವ ಹಾಳೆಯನ್ನು ಕೌಂಟರಿನ ಮೇಲಿಟ್ಟಳು. ಚಂಚಿ ಬಿಚ್ಚಿದಳು. ಅಡಿಕೆಯ ಚೂರುಗಳ ಅಡಿಯಿಂದ, ನೂಲು ಕಪ್ಪಾಗಿ ಹೋಗಿದ್ದ ಸೀಸದ ಒಂದು ಸಣ್ಣ ಕಟ್ಟು ತೆಗೆದು ಗಾಜಿನ ಕೆಳಗೆ ತಳ್ಳಿದಳು. ಆ ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಎಲೆನಾ ನನ್ನ ಕೈ ಹಿಡಿದುಕೊಂಡಳು.

“ತಪ್ಪಾಗೈತಿ ಅಂತ ಹೇಳು ಆಕಿಗೆ” ಅಂದಳು ಅವ್ವ. “ಮೊಳಿ ನಾನ ತಂದೀನಿ. ಹಚ್ಚಿ ಕೊಡು ಅನ್ನು.”